ಅರ್ಧ ಹೆಣೆದ ತಲೆ

“ಟೀಚರ್ ಆಗೋಳು ಅಂದ್ರಲ್ಲ ಮಿಸ್ ವರ್ಲೀನ್! ಇವಳು ಮಕ್ಕಳನ್ನ ಎತ್ಕೊಂಡು ಹೋಗೋ ಇಲಾಖೆಯವಳು!”

ಟಮೀಕಾ ನನ್ನ ಮೇಲೆ ಕೂಗಿ ಕುರ್ಚಿಯಿಂದ ಎದ್ದೇಬಿಟ್ಟಳು. ಅವಳ ತಲೆಯ ಒಂದು ಪಕ್ಕಕ್ಕೆ ಸಣ್ಣ ಜಡೆಗಳನ್ನು ಹೆಣೆದು ಮುಗಿಸಿದ್ದೆ, ಇನ್ನೊಂದು ಪಕ್ಕ ಕೆದರಿಕೊಂಡೇ ಇತ್ತು. ಅದರ ಮೇಲೇ ಸ್ಕಾರ್ಫ್ ಸುತ್ತಿಕೊಂಡು ಹೊರಟಳು. ಸರದಿಗೆ ಕಾದಿದ್ದ ಇಬ್ಬರೂ ಅವಳ ಹಿಂದೆಯೇ ಹೋದರು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಶಿಕಾಗೋದಲ್ಲಿ ನನ್ನ ಸಲೂನ್ ಖಾಲಿ ಎಂದರೆ ನಮ್ಮ ಬೀದಿಯವರು ಯಾರೂ ನಂಬಲಿಕ್ಕಿಲ್ಲ.

ಉಳಿದವಳು ಬ್ರಿಜೆಟ್, ಮೇಷ್ಟರ ಕೆಲಸ ಕಲಿಯುತ್ತಿರುವ ಹುಡುಗಿ. ಪಾಠ ಮಾಡುವುದನ್ನು ಕಾಲೇಜಿನವರು ಕಲಿಸುತ್ತಾರೆ. ಬೀದಿಯ ತಾಯಂದಿರೆಲ್ಲ ಬರುವುದು ನನ್ನ ಸಲೂನಿಗೆ, ಹಾಗಾಗಿ ಮಕ್ಕಳ ಮನೆಯವರನ್ನು ತಿಳಿಯಲಿ ಎಂದು ಆರು ಶನಿವಾರ ನನ್ನ ಹತ್ತಿರ ಕಳಿಸುತ್ತಾರೆ. ಕೊನೆಗೆ ನಾನು ರುಜು ಹಾಕಿದರಷ್ಟೇ ನಮ್ಮ ಬೀದಿಯ ಶಾಲೆಯಲ್ಲಿ ತರಗತಿ ಸಿಗುವುದು. ಇವಳು ಹನ್ನೆರಡನೆಯವಳು. ಹಿಂದಿನವರಲ್ಲಿ ಒಂಬತ್ತು ಮಂದಿ ಎರಡು ವರ್ಷ ತುಂಬುವ ಮೊದಲೇ ಬಿಟ್ಟುಹೋದರು. ಐದು ವಾರ ಟವೆಲ್ ಮಡಚಿಕೊಂಡು ಸುಮ್ಮನಿದ್ದವಳು ಇವತ್ತು, ಕೊನೆಯ ದಿನ, ಟಮೀಕಾ ಹೇಳಿದ್ದನ್ನು ಬರೆದುಕೊಳ್ಳಲು ಪ್ಯಾಡ್ ಹೊರಗೆ ತೆಗೆದಿದ್ದಳು.

“ಏನ್ ಕೇಳ್ದೆ ಅವಳನ್ನ?”

“ರಾತ್ರಿ ಮಗು ಯಾರ ಹತ್ರ ಮಲಗುತ್ತೆ, ಮನೇಲಿ ಎಷ್ಟ್ ಜನ ಇದ್ದಾರೆ... ಕಾಲೇಜಿನವ್ರು ಕೊಟ್ಟ ಪ್ರಶ್ನೆಗಳು.”

“ನಮ್ಮ ಬೀದೀಲಿ ಪ್ಯಾಡ್ ಹಿಡ್ಕೊಂಡು ಅದನ್ನೆಲ್ಲ ಕೇಳೋರು ಆ ಇಲಾಖೆಯವ್ರು ಮಾತ್ರ. ಮಾರನೇ ದಿನ ಮಗೂನ ಕರ್ಕೊಂಡು ಹೋಗೋಕೆ ಕಾರು ತರ್ತಾರೆ.”

“ನಂಗ್ಯಾರೂ ಹೇಳ್ಲಿಲ್ಲ.”

ನಿಜ. ಹನ್ನೊಂದು ಜನಕ್ಕೆ ಹೇಳಿ ಬಾಯಿ ಸೋತಿತ್ತು. ಇವಳಿಗೆ ಹೇಳದೆ ಬಿಟ್ಟಿದ್ದೆ.

ಅವಳು ರುಜುವಿನ ಕಾಗದವನ್ನು ಮೆಲ್ಲಗೆ ಮುಂದಿಟ್ಟಳು. ನಾನು ಪೆನ್ನು ಹುಡುಕಲಿಲ್ಲ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಟಮೀಕಾ.

“ನಾಲ್ಕು ಗಂಟೆಗೆ ನನ್ ತಂಗಿ ಮದುವೆ. ಅರ್ಧ ತಲೇಲಿ ಹೋಗ್ಲಾ?” ಎಂದು ಯಾರನ್ನೂ ನೋಡದೆ ಕುರ್ಚಿಯಲ್ಲಿ ಕೂತಳು.

“ತಪ್ಪಾಯ್ತು,” ಎಂದಳು ಬ್ರಿಜೆಟ್. “ನಾನು ಪಾಠ ಮಾಡೋಕೇ ಬರೋದು.”

“ಎಷ್ಟು ವರ್ಷಕ್ಕೆ?” ಎಂದಳು ಟಮೀಕಾ.

ಬ್ರಿಜೆಟ್ ಪ್ಯಾಡನ್ನು ಚೀಲದೊಳಗೆ ಹಾಕಿದಳು. “ಗೊತ್ತಿಲ್ಲ.”

“ಹಿಂದೆ ಬಂದೋರೆಲ್ಲ ‘ಯಾವಾಗ್ಲೂ ಇರ್ತೀನಿ’ ಅಂದಿದ್ರು,” ಎಂದು ಟಮೀಕಾ ಕನ್ನಡಿಯಲ್ಲಿ ನನ್ನನ್ನು ನೋಡಿ, ಬ್ರಿಜೆಟ್ ಕಡೆ ತಿರುಗಿದಳು. “ಏಯ್, ಸುಮ್ನೆ ನಿಂತ್ಕೋಬೇಡ. ಜಡೆಗೆ ಸೇರ್ಸಿ ಹೆಣೆಯೋ ಆ ಪ್ಯಾಕೆಟ್ ಕೂದಲು ಎಳೆ ಎಳೆ ಬಿಡಿಸ್ಕೊಡು.”

“ಏಳನೇ ಶನಿವಾರಾನೂ ಬಾ,” ಎಂದೆ ನಾನು ಬ್ರಿಜೆಟ್‌ಗೆ. “ರುಜು ಆಮೇಲೆ ನೋಡೋಣ.”

“ಬರ್ತೀನಿ.”

ಎಳೆಗಳನ್ನು ಹರಡಲು ಮೇಜಿನ ಮೇಲೆ ಒಣ ಜಾಗವಿರಲಿಲ್ಲ. ಬ್ರಿಜೆಟ್ ಆ ರುಜುವಿನ ಕಾಗದವನ್ನೇ ಹಾಸಿ, ಒಂದೊಂದೇ ಎಳೆಯನ್ನು ಅದರ ಮೇಲೆ ಇಡತೊಡಗಿದಳು.