ಹದಿನಾರು ಇಲಿಗಳು, ಒಬ್ಬ ತಮ್ಮ

ಹನ್ನೆರಡನೆಯ ದಿನ ಬೆಳಿಗ್ಗೆ ಸವಾಕೊ ಇಲಿಗಳ ಕೋಣೆಗೆ ಬಂದಾಗ ಐದು ಇಲಿಗಳು ಸತ್ತು ಬಿದ್ದಿದ್ದವು. ಉಳಿದವು ರೋಮ ನಿಮಿರಿಸಿಕೊಂಡು ಮೂಲೆಯಲ್ಲಿ ಮುದುಡಿದ್ದವು.

"ತಿಂಡಿನಾದ್ರೂ ತಿಂದು ಬಂದ್ರಾ?" ಎಂದರು ಇಲಿಗಳನ್ನು ನೋಡಿಕೊಳ್ಳುವ ಹಿರಿಯ ಹೆಂಗಸು ನಗತೊಮೊ.

"ಇನ್ನೂ ಹನ್ನೊಂದು ಇದಾವಲ್ಲ," ಎಂದಳು ಸವಾಕೊ.

ಕಾಗೊಷಿಮಾದ ಆ ಪ್ರಯೋಗಾಲಯದಲ್ಲಿ ಏಳು ವರ್ಷದಿಂದ ಅವಳು ಒಂದೇ ಕೆಲಸದ ಬೆನ್ನು ಬಿದ್ದಿದ್ದಳು. ರಕ್ತದ ಕಾಂಡಕೋಶಗಳನ್ನು, ಅಂದರೆ ಎಲ್ಲ ರಕ್ತಕಣಗಳ ಮೂಲಕೋಶಗಳನ್ನು, ದೇಹದ ಹೊರಗೆ ತಟ್ಟೆಯಲ್ಲಿ ಬೆಳೆಸಬೇಕು. ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಸೈಟೊಕೈನ್‌ಗಳನ್ನು ಅವಳು ಹನಿ ಹನಿಯಾಗಿ ಅಳೆದು ಬೆರೆಸುತ್ತಿದ್ದಳು. ಕೋಶಗಳು ಹೆಚ್ಚುತ್ತಿದ್ದವು, ನಿಜ. ಆದರೆ ಹೆಚ್ಚುತ್ತ ಹೆಚ್ಚುತ್ತ ಸಾಮಾನ್ಯ ರಕ್ತಕಣಗಳಾಗಿ ಮುಗಿದುಹೋಗುತ್ತಿದ್ದವು. ಈ ಸಲದ ಮಿಶ್ರಣದಲ್ಲಿ ಹಾಗಾಗದೆಂದು ನಂಬಿ, ರಕ್ತ ಹುಟ್ಟುವ ಮೂಳೆಮಜ್ಜೆಯನ್ನು ವಿಕಿರಣದಿಂದ ಸುಟ್ಟ ಹದಿನಾರು ಇಲಿಗಳಿಗೆ ಹನ್ನೆರಡು ದಿನದ ಹಿಂದೆ ತಟ್ಟೆಯ ಕೋಶಗಳನ್ನು ಕೊಟ್ಟಿದ್ದಳು. ಅವು ಬೇರೂರಿದರೆ ಇಲಿ ಬದುಕುತ್ತದೆ. ಇಲ್ಲವಾದರೆ ಎರಡು ವಾರ.

ನಂಬದೆ ಅವಳಿಗೆ ಗತಿಯೂ ಇರಲಿಲ್ಲ. ಟ್ರಾಮ್ ಓಡಿಸುತ್ತಿದ್ದ ತಮ್ಮ ತಕುರೊನ ಮಜ್ಜೆ ಬತ್ತಿಹೋಗಿ, ಅವನು ಮೂರು ತಿಂಗಳಿಂದ ಆಸ್ಪತ್ರೆಯಲ್ಲಿದ್ದ. ಅವನಿಗೆ ಹೊಂದುವ ಹೊಕ್ಕುಳಬಳ್ಳಿಯ ರಕ್ತ ಒಂದೇ ಒಂದು ಚೀಲ ಸಿಕ್ಕಿತ್ತು. ಅದರಲ್ಲಿದ್ದ ಕಾಂಡಕೋಶಗಳು ಒಂದು ಮಗುವಿಗೆ ಸಾಕು, ಎಪ್ಪತ್ತು ಕಿಲೋದ ಗಂಡಸಿಗೆ ಎಲ್ಲಿ ಸಾಲಬೇಕು? ಅವನ್ನು ತಟ್ಟೆಯಲ್ಲಿ ಹತ್ತು ಪಟ್ಟು ಮಾಡುವಂತಿದ್ದರೆ! ಇಲಿಯಿಂದ ಮನುಷ್ಯನವರೆಗೆ ಬರಲು ವರ್ಷಗಳು ಬೇಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದಿನ ಎಣಿಸುತ್ತಿದ್ದಳು.

ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ತಕುರೊ ಊರಿನ ಜ್ವಾಲಾಮುಖಿಯ ಬೂದಿ ಕವಿದ ಕಿಟಕಿಯ ಕಡೆ ನೋಡುತ್ತ ಮಲಗಿದ್ದ. ವಸಡಿನಲ್ಲಿ ರಕ್ತ ಒಸರಿತ್ತು.

"ಏನಕ್ಕಾ, ನಿನ್ನ ಇಲಿಗಳು ಹೇಗಿದಾವೆ? ನನಗಿಂತ ಚೆನ್ನಾಗಿ ಊಟ ಮಾಡ್ತಿದಾವಾ?"

"ಚೆನ್ನಾಗಿದಾವೆ ಕಣೋ."

"ಸುಳ್ಳು. ಸುಳ್ಳು ಹೇಳುವಾಗೆಲ್ಲ ನೀನು ನನ್ನ ಚಪ್ಪಲಿ ಜೋಡಿಸಿಡ್ತೀಯ."

ಸವಾಕೊ ಚಪ್ಪಲಿಗಳಿಂದ ಕೈ ತೆಗೆದಳು.

ಹದಿನೈದನೆಯ ದಿನಕ್ಕೆ ಉಳಿದದ್ದು ಒಂದೇ ಇಲಿ. ಅದು ಓಡಾಡುತ್ತಿತ್ತು, ಕಾಳು ಕಡಿಯುತ್ತಿತ್ತು. ಸವಾಕೊ ಅದರ ರಕ್ತ ತೆಗೆದು ಪರೀಕ್ಷೆಗೆ ಹಾಕಿದಳು. ಫಲಿತಾಂಶದ ಹಾಳೆಯನ್ನು ಓದಿ, ಮಡಚಿ ಮೇಜಿನ ಮೇಲಿಟ್ಟಳು.

"ಏನಂತೆ?" ನಗತೊಮೊ ಕೇಳಿದರು.

"ಅದರದೇ ರಕ್ತ. ವಿಕಿರಣ ಸರಿಯಾಗಿ ತಾಗಿಲ್ಲ, ಸ್ವಂತ ಮಜ್ಜೆಯೇ ಚೇತರಿಸಿಕೊಂಡಿದೆ. ನಾನು ಕೊಟ್ಟಿದ್ದರಲ್ಲಿ ಒಂದೂ ಉಳಿದಿಲ್ಲ."

ಹಾಗೆಂದವಳು ನೆಲದ ಮೇಲೆಯೇ ಕೂತಳು. ನಗತೊಮೊ ಪಕ್ಕದಲ್ಲಿ ಕೂತರು.

ಅಲ್ಲಿಂದ ಎದ್ದು ಅವಳು ನೆಟ್ಟಗೆ ಆಸ್ಪತ್ರೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಸಮೆಶಿಮಾ ಅವರ ಮುಂದೆ ಹೋಗಿ ನಿಂತಳು. "ನನ್ನ ಕೋಶಗಳನ್ನೇ ತಗೊಳ್ಳಿ ಡಾಕ್ಟ್ರೇ."

"ನಿಮ್ಮದು ಅರ್ಧ ಮಾತ್ರ ಹೊಂದುತ್ತೆ. ಅಷ್ಟು ಹೊಂದಿದ್ರೂ ನಡೆಯುತ್ತೆ. ಆದರೆ ಎಷ್ಟೋ ಜನರ ರಕ್ತ ತಗೊಂಡು ತಗೊಂಡು, ನಿಮ್ಮ ಕೋಶಗಳ ಮೇಲೆ ದಾಳಿ ಮಾಡೋ ಪ್ರತಿಕಾಯ ಅವನ ಮೈಲಿ ಹುಟ್ಟಿದೆ. ಔಷಧಿಯಿಂದ ತಗ್ಗಿಸಬಹುದು, ಪೂರ್ತಿ ಹೋಗಲ್ಲ. ಬೇರೂರದಿದ್ರೆ ಅವನು ಉಳಿಯಲ್ಲ."

"ಸುಮ್ಮನಿದ್ರೆ ಉಳೀತಾನಾ?"

ಡಾಕ್ಟರು ಒಪ್ಪಿಗೆಯ ಕಾಗದವನ್ನು ಅವಳತ್ತ ಸರಿಸಿದರು.

ತಕುರೊನ ಪ್ರತಿಕಾಯಗಳನ್ನು ತಗ್ಗಿಸಿದ ಮೇಲೆ ಸವಾಕೊಗೆ ಚುಚ್ಚುಮದ್ದು ಶುರುವಾಯಿತು. ಅದರಲ್ಲಿದ್ದದ್ದೂ ಸೈಟೊಕೈನೇ, ಮೂಳೆಯೊಳಗಿನ ಕಾಂಡಕೋಶಗಳನ್ನು ರಕ್ತಕ್ಕೆ ಇಳಿಸುವಂಥದು. ಅದರ ಬಗ್ಗೆ ಎಷ್ಟೋ ಪಾಠ ಹೇಳಿದ್ದವಳಿಗೆ ನೋವು ಹೀಗಿರುತ್ತದೆಂದು ತಿಳಿದಿರಲಿಲ್ಲ. ಸೊಂಟ, ಎದೆಮೂಳೆ ಒಳಗಿನಿಂದಲೇ ಕುಟ್ಟಿದಂತಾಗುತ್ತಿತ್ತು. ಐದನೆಯ ದಿನ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ, ಕೆಂಪು ಚೀಲ ತುಂಬುವುದನ್ನೇ ನೋಡಿದಳು.

ಆ ಚೀಲವನ್ನು ಅದೇ ದಿನ ತಕುರೊಗೆ ಏರಿಸಿದರು. ಹದಿನಾಲ್ಕು ದಿನ ಕಳೆಯಿತು. ತಕುರೊನ ಬಿಳಿ ರಕ್ತಕಣ ಸೊನ್ನೆ. ಇಪ್ಪತ್ತನೆಯ ದಿನವೂ ಸೊನ್ನೆ. ನಲವತ್ತು ಡಿಗ್ರಿ ಸೆಲ್ಸಿಯಸ್ ಜ್ವರ. ಬಾಯೆಲ್ಲ ಹುಣ್ಣಾಗಿ ನೀರೂ ಇಳಿಯುತ್ತಿರಲಿಲ್ಲ. "ಸಾಕು ಅಕ್ಕ, ಬಿಟ್ಟುಬಿಡು," ಎಂದ. ಸವಾಕೊ ಹೊರಗೆ ಬಂದು ಗೋಡೆಗೆ ಹಣೆಯಿಟ್ಟು ನಿಂತಳು. ತಾನೇ ತಮ್ಮನನ್ನು ಕೊಲ್ಲುತ್ತಿದ್ದೇನೆ ಅನ್ನಿಸಿತು.

ಇಪ್ಪತ್ತಾರನೆಯ ದಿನ ಸಮೆಶಿಮಾ ಕೈಯಲ್ಲಿ ಒಂದು ಚೀಟಿ ಹಿಡಿದು ಬಂದರು. "ಬಿಳಿ ರಕ್ತಕಣ ನೂರಿಪ್ಪತ್ತು. ಎರಡು ಸಲ ಎಣಿಸಿ ನೋಡಿದ್ವಿ. ಎಲ್ಲ ನಿಮ್ಮವೇ." ಮತ್ತೆ ತಡೆದು, "ಈಗಲೇ ಸಂತೋಷ ಪಡಬೇಡಿ. ನಾಳೆ ಇಳೀಬಹುದು," ಎಂದರು.

ಮರುದಿನ ಇನ್ನೂರಾಯಿತು. ಅದರ ಮರುದಿನ ನೂರೈವತ್ತಕ್ಕೆ ಇಳಿಯಿತು. ಒಂದು ವಾರ ಹೀಗೆಯೇ ಹತ್ತಿ ಇಳಿದು, ಕೊನೆಗೆ, ಬೇರೂರಿದೆ ಎನ್ನಲು ಬೇಕಾದ ಐನೂರು ದಾಟಿ ನಿಂತಿತು. ಜ್ವರ ಪೂರ್ತಿ ಬಿಡಲಿಲ್ಲ, ಡಾಕ್ಟರು ಮುಂದಿನ ಮಾತೂ ಕೊಡಲಿಲ್ಲ. ಆ ಸಂಜೆ ತಕುರೊ ಎರಡು ಚಮಚ ಗಂಜಿ ನುಂಗಿದ. ಮೂರನೆಯದನ್ನು ಸವಾಕೊ ಅವನ ಬಾಯ ಹತ್ತಿರ ಹಿಡಿದು, ಅವನು ಬಾಯಿ ತೆರೆಯುವವರೆಗೆ ಕಾದಳು.