ಇಳಿಸಿದ ಶ್ರುತಿ

ಆ ದಿನ ಬೆಳಗಿನಿಂದ ತಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೋಟೆಲಿನ ಕೋಣೆಯಲ್ಲಿ ಕಿಟಕಿಗೂ ಬಾಗಿಲಿಗೂ ನಡೆದದ್ದೇ ನಡೆದದ್ದು. ತಿಂಡಿಗೆ ಕೂತರೆ ಮೇಜಿನ ಅಂಚನ್ನೇ ಪಿಯಾನೋ ಮಾಡಿಕೊಂಡು ಎರಡೂ ಕೈಯಲ್ಲಿ ಕುಟ್ಟುತ್ತಿದ್ದ. ಎದುರಿಗೆ ಬಿಸಿನೀರು ಗುಟುಕರಿಸುತ್ತಿದ್ದ ಅಕ್ಕ ಕೊನೆಗೆ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಇವತ್ತಿಗೆ ಹಾಡುವುದನ್ನು ಬಿಡುತ್ತಿರುವವಳು ತಾನು, ಚಡಪಡಿಸಬೇಕಾದವಳು ತಾನು, ನಿನಗೇನು ಬಂತು ದಾಡಿ ಎಂದು ಕೇಳಿದಳು. ತಮ್ಮ ಏನೂ ಇಲ್ಲ ಎಂದ. ಐವತ್ತು ಸಮೀಪಿಸಿದ ಗಂಡಸು ಹಾಗೆಂದರೆ ಏನೋ ಇದೆ ಎಂದೇ ಅರ್ಥ. ಆದರೆ ಅಕ್ಕನಿಗೆ ಅವತ್ತು ಕೆದಕುವ ವ್ಯವಧಾನ ಇರಲಿಲ್ಲ.

ಅವಳೇನು ಸಾಮಾನ್ಯ ಹಾಡುಗಾರ್ತಿಯೇ? ಈ ದೇಶದಲ್ಲಿ ಟ್ಯಾಕ್ಸಿ ಓಡಿಸುವವನಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಅವಳ ಹಾಡು ಗುನುಗದವರಿಲ್ಲ. ಹುಟ್ಟಿದ ದೇಶದಲ್ಲಿ ಮಾತ್ರ ಯಾರೂ ಕ್ಯಾರೇ ಎಂದಿರಲಿಲ್ಲ. ಅಲ್ಲಿ ಒಂದು ಊಟದ ಹಾಲಿನ ಮೂಲೆಯಲ್ಲಿ ಅವಳು ಹಾಡುವುದು, ಪಕ್ಕದಲ್ಲಿ ತಮ್ಮ ನುಡಿಸುವುದು, ಜನ ತಟ್ಟೆಯಿಂದ ತಲೆ ಎತ್ತದೆ ಉಣ್ಣುವುದು. ಪರದೇಶದಿಂದ ಬಂದಿದ್ದ ರೆಕಾರ್ಡ್ ಕಂಪನಿಯವನೊಬ್ಬ ಅದೊಂದು ದಿನ ಚಮಚ ಕೆಳಗಿಟ್ಟು ಕೇಳಿಸಿಕೊಂಡ. ಅವನೇ ಈಗಿನ ಮ್ಯಾನೇಜರ್. ಅಕ್ಕ ತಮ್ಮ ಇಬ್ಬರನ್ನೂ ಇಲ್ಲಿಗೆ ಕರೆತಂದ. ಅಕ್ಕ ಇಲ್ಲಿಯ ಭಾಷೆಯನ್ನು ಮೊದಲು ಬಾಯಿಪಾಠ ಮಾಡಿ ಹಾಡಿದಳು, ಅರ್ಥ ಆಮೇಲೆ ಕಲಿತಳು. ಅವಳಿಗೆ ಹೆಸರು ತಂದದ್ದು, ಬಿಟ್ಟುಹೋದವನಿಗೆ ಬೈಯದೆ, ಬೇಡಿಕೊಳ್ಳದೆ, ಸುಮ್ಮನೆ ಅವನ ಹೆಸರು ಹಿಡಿದು ಕರೆಯುವ ಒಂದು ನಿಧಾನದ ಹಾಡು. ಕೊನೆಯಲ್ಲಿ ಆ ಕರೆ ಏರುತ್ತ ಏರುತ್ತ ಮೇಲಿನ ಒಂದು ಸ್ವರಕ್ಕೆ ಹೋಗಿ ನಿಲ್ಲುತ್ತದೆ. ಆ ಸ್ವರಕ್ಕೇ ಜನ ಟಿಕೆಟ್ ಕೊಳ್ಳುತ್ತಿದ್ದರು. ಊರಿನಲ್ಲಿ ಅಮ್ಮ ಮಾತ್ರ ಕೇಳಿದವರಿಗೆಲ್ಲ ಮಗಳು ಹೊರದೇಶದಲ್ಲಿ ಒಳ್ಳೆ ಕಂಪನಿ ಸೇರಿದ್ದಾಳೆ ಎಂದು ಹೇಳಿಕೊಂಡು ಬಂದಳು. ಹಾಡುತ್ತಾಳೆ ಎಂದರೆ ಯಾರು ನಂಬುತ್ತಾರೆ?

ಕೆಲವು ವರ್ಷಗಳ ಹಿಂದೆ ಬಯಲಿನ ವೇದಿಕೆಯೊಂದರಲ್ಲಿ, ಜ್ವರದಿಂದ ಅಕ್ಕನ ಮೈ ಕಾದು ಕೆಂಡವಾಗಿದ್ದ ಸಂಜೆ, ಆ ಸ್ವರ ಒಡೆಯಿತು. ಜನ ಅದನ್ನು ಬಿಕ್ಕು ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅಕ್ಕ ಒಳಗೆ ಬಂದು ಕನ್ನಡಿಯ ಮುಂದೆ ಕೂತು, ಮುಗೀತು ಕಣೋ ನನ್ ಕಥೆ ಎಂದು ಮಗುವಿನ ಹಾಗೆ ಅತ್ತಳು. ತಮ್ಮನಿಗೆ ಕರುಳು ಚುರ್ ಎಂದಿತು. ಇನ್ನೊಮ್ಮೆ ಇವಳನ್ನು ಹೀಗೆ ನೋಡಲಾರೆ ಎಂದುಕೊಂಡ. ಮುಂದಿನ ಕಾರ್ಯಕ್ರಮದಲ್ಲಿ ತನ್ನ ಎಲೆಕ್ಟ್ರಿಕ್ ಕೀಬೋರ್ಡಿನ ಒಂದು ಗುಂಡಿ ಒತ್ತಿ ಶ್ರುತಿಯನ್ನು ಒಂದು ಮೆಟ್ಟಿಲು ಇಳಿಸಿಬಿಟ್ಟ. ಆ ಗುಂಡಿಯ ಮಹಿಮೆಯೇ ಅಂಥದ್ದು: ಬೆರಳು ಹಳೆಯ ಜಾಗದಲ್ಲೇ ಆಡುತ್ತದೆ, ನಾದ ಮಾತ್ರ ಕೆಳಗಿಂದ ಬರುತ್ತದೆ. ಸ್ವರ ಸಲೀಸಾಗಿ ಬಂತು. ಬಂತು ನೋಡು ಎಂದು ಅಕ್ಕ ಅವನ ಬೆನ್ನಿಗೆ ಗುದ್ದಿ ನಕ್ಕಳು. ಆ ನಗುವನ್ನು ನೋಡಿ ನಿಜ ಹೇಳಲು ಯಾರಿಗೆ ಬಾಯಿ ಬರುತ್ತದೆ? ಗಿಟಾರಿನವನಿಗೂ ಡ್ರಮ್ಮಿನವನಿಗೂ ಇದು ಅಕ್ಕನದೇ ಇಷ್ಟ, ಅವಳೆದುರು ಎತ್ತಬೇಡಿ, ನೊಂದುಕೊಳ್ಳುತ್ತಾಳೆ ಎಂದು ತಾಕೀತು ಮಾಡಿದ. ಅವರು ತುಟಿ ಪಿಟಕ್ಕೆನ್ನಲಿಲ್ಲ.

ಅಲ್ಲಿಗೆ ನಿಲ್ಲಿಸಿದನೇ ಪುಣ್ಯಾತ್ಮ? ಇಲ್ಲ. ಅಕ್ಕ ಕೆಮ್ಮಿದಳೆಂದು ಮತ್ತೊಂದು ಮೆಟ್ಟಿಲು, ನಿದ್ದೆಗೆಟ್ಟಳೆಂದು ಇನ್ನೊಂದು. ಅಷ್ಟರಲ್ಲಿ ಬೇರೆಯೇ ತಾಪತ್ರಯ ಶುರುವಾಯಿತು. ಹಾಡಿನ ಮೊದಲ ಸಾಲುಗಳು ಕೆಳಗೆ ಸಿಗುತ್ತಲೇ ಇಲ್ಲ, ಬಾವಿಗೆ ಬಗ್ಗಿ ಮಾತಾಡಿದ ಹಾಗಿದೆ ಎಂದು ಅಕ್ಕ ಗೊಣಗತೊಡಗಿದಳು. ಪತ್ರಿಕೆಯವರು ದನಿ ಬೆಚ್ಚಗಿದೆ, ಬಿಸಿಯಿಲ್ಲ ಎಂದು ಬರೆದರು. ಗಂಟಲಿನ ಡಾಕ್ಟರು ಒಳಗೆ ದೀಪ ಬಿಟ್ಟು ನೋಡಿ, ನಿಮ್ಮ ಗಂಟಲಿಗೆ ವಯಸ್ಸೇ ಆಗಿಲ್ಲವಲ್ಲ ಎಂದರು. ಮುಖಸ್ತುತಿ ಎಂದು ಅಕ್ಕ ನಂಬಲಿಲ್ಲ. ತಮ್ಮನೂ ನಂಬಲಿಲ್ಲ, ಮೇಲಿನ ಸ್ವರವೂ ಹೋಯಿತು, ಕೆಳಗಿನದೂ ಹೋಯಿತು, ಪಾಪ ಅಕ್ಕ ಎಂದು ಒಳಗೊಳಗೇ ಮರುಗಿದ. ಕೊನೆಗೆ ಅಕ್ಕ, ಮರ್ಯಾದೆ ಇರುವಾಗಲೇ ನಿಲ್ಲಿಸುತ್ತೇನೆ ಎಂದು ಸಾರಿಬಿಟ್ಟಳು. ತಮ್ಮನಿಗೆ ದುಃಖವಾಯಿತು, ನಿಜ. ಅದರ ಜೊತೆಗೆ, ಇದೊಂದು ಕಾರ್ಯಕ್ರಮ ದಾಟಿದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂಬ ನೆಮ್ಮದಿಯೂ ಆಯಿತು. ಅಕ್ಕನ ಪಕ್ಕದ ತನ್ನ ಜಾಗ, ಅವಳು ತನ್ನ ಮೇಲಿಟ್ಟ ನಂಬಿಕೆ, ಎರಡೂ ಹಾಗೇ ಉಳಿಯುತ್ತವೆ.

ಆದರೆ ಮ್ಯಾನೇಜರ್ ತಲೆಗೆ ಒಂದು ಹುಳ ಹೊಕ್ಕಿತು. ಕೊನೆಯ ಕಾರ್ಯಕ್ರಮ, ಅದೂ ಅಕ್ಕ ಮೊದಲು ಗೆದ್ದ ಹಾಲಿನಲ್ಲೇ. ಹಾಗಾಗಿ ಅವತ್ತಿನ ದೊಡ್ಡ ಪಿಯಾನೋವನ್ನೇ ಹೊರತೆಗೆಸಿ ಒರೆಸಿ ಇಡಿಸಿದ್ದೇನೆ, ಕೀಬೋರ್ಡು ಬೇಡ ಎಂದು ಹಲ್ಲು ಕಿರಿದ. ಬೇಡ ಎನ್ನಲು ತಮ್ಮನಿಗೆ ನೆಪವೇ ಸಿಗಲಿಲ್ಲ. ಮರದ ಪಿಯಾನೋದಲ್ಲಿ ಗುಂಡಿ ಎಲ್ಲಿಂದ ಬರಬೇಕು? ಇಳಿಸಬೇಕೆಂದರೆ ಬೆರಳುಗಳನ್ನೇ ಬೇರೆ ಜಾಗಕ್ಕೆ ಒಯ್ಯಬೇಕು. ಆ ಮೇಜು ಕುಟ್ಟುವ ಗೀಳು ಹುಟ್ಟಿದ್ದು ಅದಕ್ಕೇ.

ಮಧ್ಯಾಹ್ನ ಹಾಲಿನಲ್ಲಿ ತಾಲೀಮು. ಖಾಲಿ ಕುರ್ಚಿಗಳ ಸಾಲುಗಳ ನಡುವೆ ಒಬ್ಬಳು ಕಸ ಹೊಡೆಯುತ್ತಿದ್ದಳು. ದೀಪದವನು ಏಣಿಯ ಮೇಲಿದ್ದ. ತಮ್ಮನ ಅಂಗೈ ಬೆವತು ಪಿಯಾನೋದ ಮನೆಗಳೆಲ್ಲ, ಆ ಕರಿ ಬಿಳಿ ಪಟ್ಟಿಗಳೆಲ್ಲ, ಜಾರುತ್ತಿದ್ದವು. ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಅಕ್ಕ ಎಂದಿನಂತೆ ಪಿಯಾನೋಕ್ಕೆ ಮೊಣಕೈ ಊರಿ ನಿಂತಳು. ಅವಳು ಉಸಿರೆಳೆಯುವುದೇ ತಮ್ಮನ ಎಡಗೈಯ ಕಿರುಬೆರಳು ಹಾಡಿನ ಮೊದಲ ಬಿಳಿ ಮನೆಯ ಮೇಲೆ ಇಳಿಯುವುದನ್ನು ನೋಡಿ. ಅದೇನು ನಿನ್ನೆ ಮೊನ್ನೆಯ ಅಭ್ಯಾಸವಲ್ಲ. ಚಿಕ್ಕಂದಿನಲ್ಲಿ ಆ ಬೆರಳನ್ನು ಹಿಡಿದು ಅಲ್ಲಿ ಒತ್ತಿ ಕಲಿಸಿದವಳೇ ಅವಳು.

ತಮ್ಮ ನುಡಿಸಿದ. ನಾದವೇನೋ ಅವಳಿಗೆ ಅಭ್ಯಾಸವಾದದ್ದೇ ಬಂತು. ಆದರೆ ಅಕ್ಕ ಬಾಯಿ ತೆರೆಯಲಿಲ್ಲ, ಅವನ ಕೈಯನ್ನೇ ನೋಡುತ್ತ ನಿಂತಳು.

"ನಿನ್ ಕಿರುಬೆರಳು ಕರಿ ಮನೆ ಮೇಲೆ ಏನ್ ಮಾಡ್ತಿದೆ?" ಎಂದಳು.

ತಮ್ಮ ಕೈ ಹಿಂದಕ್ಕೆಳೆದುಕೊಂಡ. ಪಿಯಾನೋ ಹಳೆಯದು, ಶ್ರುತಿ ಜಾರಿದೆ, ಅದಕ್ಕೇ ಎಂದು ಏನೇನೋ ತೊದಲಿದ. ಅಕ್ಕ ಬಗ್ಗಿ ತಾನೇ ಆ ಬಿಳಿ ಮನೆಯನ್ನು ಒತ್ತಿ ನೋಡಿದಳು. ನಾದ ಖಣಿಲ್ಲೆಂದಿತು. ಎಷ್ಟು ದಿನದಿಂದ ಎಂದಷ್ಟೇ ಕೇಳಿದಳು. ಅವನು ಎಲ್ಲ ಹೇಳಿಬಿಟ್ಟ: ಬಯಲಿನ ವೇದಿಕೆ, ಕನ್ನಡಿಯ ಮುಂದಿನ ಅಳು, ಗುಂಡಿ, ಮೊದಲ ಮೆಟ್ಟಿಲು, ಮತ್ತೆರಡು. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂಬುದನ್ನೂ ಸೇರಿಸಿದ. ಅದನ್ನು ಹೇಳದಿದ್ದರೆ ಚೆನ್ನಾಗಿತ್ತು.

ಅಕ್ಕ ಕೂಗಾಡಲಿಲ್ಲ. ಇದ್ದ ಜಾಗದಲ್ಲೇ ನುಡಿಸು ಎಂದಳು. ಬೇಡಕ್ಕ, ಸಂಜೆಗೆ ಗಂಟಲು ಉಳಿಸಿಕೋ ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮ ನುಡಿಸಿದ, ಅವಳು ಹಾಡಿದಳು. ಬಾವಿಯೊಳಗೆ ಬಿದ್ದಿದ್ದ ಮೊದಲ ಸಾಲುಗಳು ಎದ್ದು ಬಂದು ಹಿಂದಿನ ಕುರ್ಚಿಯವರೆಗೆ ಹೋದವು. ಕಸ ಹೊಡೆಯುವವಳು ಪೊರಕೆಗೆ ಗದ್ದ ಊರಿ ನಿಂತಳು. ಹಾಡು ಏರಿದಂತೆಲ್ಲ ತಮ್ಮ ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಆಗ ಅವನ ಮನಸ್ಸಿನಲ್ಲಿದ್ದದ್ದು ಏನೆಂದು ಬಲ್ಲಿರಾ? ಬರಲಿ ಎಂದಲ್ಲ. ಒಡೆಯಲಿ, ಒಮ್ಮೆ ಒಡೆದುಬಿಡಲಿ, ನಾನು ಮಾಡಿದ್ದು ಸರಿ ಎಂದಾಗಲಿ ಎಂದು. ಸ್ವಂತ ಅಕ್ಕನ ದನಿ ಒಡೆಯಲಿ ಎಂದು ಹಾರೈಸಿದ ತಮ್ಮನನ್ನು ಏನೆನ್ನಬೇಕೋ ನೀವೇ ಹೇಳಿ. ಸ್ವರ ಒಡೆಯಲಿಲ್ಲ. ಮೇಲೆ ಹೋಗಿ ನಿಂತಿತು, ಅಲುಗದೆ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.

ತಮ್ಮನಿಗೆ ಅಳು ಉಕ್ಕಿ ಬಂತು. ಸಂತೋಷದ್ದೂ ಇರಬಹುದು, ನಾಚಿಕೆಯದೇ ಹೆಚ್ಚು. ಇಷ್ಟು ವರ್ಷ ಸೋತದ್ದು ಅವಳ ಗಂಟಲಲ್ಲ, ತನ್ನ ಧೈರ್ಯ ಎಂದು ಆಗ ಹೊಳೆಯಿತು ಬಡಪಾಯಿಗೆ. ಅಕ್ಕ ಪಿಯಾನೋದ ಮೇಲಿನ ನೀರು ತೆಗೆದು ಕುಡಿದಳು.

"ನಂಗೆ ವಯಸ್ಸಾಯ್ತು ಅಂದ್ಕೊಂಡು ಎಷ್ಟು ಸಲ ಅತ್ತಿದೀನಿ ಗೊತ್ತಾ ನಿಂಗೆ?" ಎಂದಳು. "ಪಕ್ಕದಲ್ಲೇ ಕೂತು ನೋಡ್ತಿದ್ದೆ ನೀನು."

"ತಪ್ಪಾಯ್ತಕ್ಕ."

"ಈಗ ಹಾಡ್ತಿದ್ನಲ್ಲ, ಆಗ ನಿನ್ ಮುಖ ನೋಡ್ದೆ. ಒಡೀಲಿ ಅಂತ ಕಾಯ್ತಿದ್ದೆ ಅಲ್ವಾ?"

ತಮ್ಮ ತಲೆ ತಗ್ಗಿಸಿದ. ಅವಳು ನೀರಿನ ಲೋಟ ಕೆಳಗಿಟ್ಟಳು. ಆಮೇಲೆ, ಇವತ್ತು ಬೇರೆ ಯಾರೂ ಸಿಗುವುದಿಲ್ಲ, ನೀನೇ ನುಡಿಸು, ನಾಳೆಯಿಂದ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಳು. ನಾಳೆಯಿಂದ ಎಂದರೆ ಏನೆಂದು ತಿಳಿಯಲು ತಮ್ಮನಿಗೆ ಒಂದು ಗಳಿಗೆ ಹಿಡಿಯಿತು.

ಸಂಜೆ ಹಾಲು ಕಿಕ್ಕಿರಿದಿತ್ತು. ಬೀಳ್ಕೊಡಲು ಬಂದವರು ಕರವಸ್ತ್ರ ಹಿಡಿದೇ ಕೂತಿದ್ದರು. ಅಕ್ಕ ಒಂದೊಂದೇ ಹಾಡು ಹಾಡಿದಳು, ಎಲ್ಲವೂ ಹಳೆಯ ಶ್ರುತಿಯಲ್ಲಿ. ಮೂರನೆಯ ಹಾಡಿನ ಹೊತ್ತಿಗೆ ಕರವಸ್ತ್ರಗಳು ಜೇಬು ಸೇರಿದ್ದವು. ಜನ ಮುಂದಕ್ಕೆ ಬಗ್ಗಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕೊನೆಯಲ್ಲಿ ಆ ಹಾಡು, ಆ ಸ್ವರ. ಹಾಲಿಗೆ ಹಾಲೇ ಎದ್ದು ನಿಂತಿತು. ಅಕ್ಕ ಮೈಕಿನಲ್ಲಿ, ನಾನು ನಿಲ್ಲಿಸುತ್ತೇನೆ ಎಂದಿದ್ದು ತಪ್ಪು, ಕ್ಷಮಿಸಬೇಕು, ಇನ್ನೂ ಹಾಡುತ್ತೇನೆ ಎಂದಳು. ಪರದೆಯ ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಗುತ್ತಿದ್ದ. ಅಕ್ಕ ಇಷ್ಟು ಚೆನ್ನಾಗಿ ಹಾಡಿದ್ದನ್ನು ತಮ್ಮ ಜನ್ಮದಲ್ಲಿ ಕೇಳಿರಲಿಲ್ಲ. ಕೇಳುವ ಭಾಗ್ಯ ಇವತ್ತಿಗೇ ಮುಗಿಯಿತು.

ಜನ ಬಿಡಲಿಲ್ಲ, ಅದೇ ಹಾಡು ಮತ್ತೊಮ್ಮೆ ಬೇಕೆಂದು ನೆಲ ಒದೆಯತೊಡಗಿದರು. ಅಕ್ಕ ಆ ಸಂಜೆಯಲ್ಲಿ ಮೊದಲ ಬಾರಿಗೆ ತಮ್ಮನ ಕಡೆ ತಿರುಗಿದಳು. ಅವನು ಕಣ್ಣೊರೆಸಿಕೊಂಡು ಬೆರಳುಗಳನ್ನು ಬಿಳಿ ಮನೆಯ ಮೇಲಿಟ್ಟ.

"ಅಲ್ಲಲ್ಲ," ಎಂದಳು ಅಕ್ಕ. "ಅದಕ್ಕಿಂತ ಒಂದು ಮೆಟ್ಟಿಲು ಮೇಲೆ."

ಆ ಶ್ರುತಿಯಲ್ಲಿ ಅವನು ಆ ಹಾಡನ್ನು ಎಂದೂ ನುಡಿಸಿರಲಿಲ್ಲ. ಎಲ್ಲಿಂದ ಹಿಡಿಯಬೇಕೆಂದು ತಡಕಾಡುತ್ತಿರುವಾಗಲೇ ಅಕ್ಕ ಜನರತ್ತ ತಿರುಗಿ ಹಾಡಲು ಶುರು ಮಾಡಿಬಿಟ್ಟಳು. ತಮ್ಮ ತಪ್ಪುತ್ತ, ತಿದ್ದಿಕೊಳ್ಳುತ್ತ ಅವಳ ಹಿಂದೆ ಹಿಂದೆಯೇ ಹೋದ.