ರಿವೆಟ್ಟಿನ ಬೆನ್ನಿಗೆ ನಿಂತ ಡಾಲಿ

ನಾನೊಂದು ಉಕ್ಕಿನ ತುಂಡು. ಒಂದು ಹಿಡಿಯಷ್ಟು ಉದ್ದ, ಮುಕ್ಕಾಲು ಕಿಲೋ ತೂಕ. ರಿವೆಟ್ ಹೊಡೆಯುವವರು ನನ್ನನ್ನು ಡಾಲಿ ಎನ್ನುತ್ತಾರೆ.

ನನ್ನ ಕೆಲಸವೇನೆಂದು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಹೇಳಿದರೂ ಜನಕ್ಕೆ ನೆನಪಿರುವುದಿಲ್ಲ. ಎರಡು ತಗಡು ಕೂಡಿಸಲು ಅವುಗಳ ತೂತಿನೊಳಗೆ ರಿವೆಟ್ ಎಂಬ ಮೆತ್ತನೆಯ ಮೊಳೆ ತೂರಿಸುತ್ತಾರೆ. ಹೊರಗಿನಿಂದ ಗಾಳಿಯ ಒತ್ತಡದಲ್ಲಿ ನಡೆಯುವ ರಿವೆಟ್ ಗನ್ನು ಅದರ ತಲೆಗೆ ಟಟಟಟ ಎಂದು ಬಡಿಯುತ್ತದೆ. ಒಳಗಡೆ, ಯಾರಿಗೂ ಕಾಣದ ಕತ್ತಲಲ್ಲಿ, ಅದರ ಬಾಲಕ್ಕೆ ನನ್ನನ್ನು ಒತ್ತಿ ಹಿಡಿದಿರುತ್ತಾರೆ. ಬಾಲ ನನಗೆ ಬಡಿದು ಚಪ್ಪಟೆಯಾಗಿ ಗುಂಡಿಯಂತೆ ಕೂರುತ್ತದೆ. ಅಲ್ಲಿಗೆ ಎರಡು ತಗಡು ಜನ್ಮಕ್ಕೆ ಜೋಡಿ. ನೋಡಲು ಬಂದವರೆಲ್ಲ ಹೊಗಳುವುದು ಗನ್ನನ್ನು. ಪೆಟ್ಟು ತಿಂದವನನ್ನು ಕೇಳುವವರಿಲ್ಲ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ವಿಮಾನ ಕಾರ್ಖಾನೆಯಲ್ಲಿ. ಬಿಸಾಡಿದ ಶಾಫ್ಟಿನ ತುದಿಯನ್ನು ಗರಗಸದಲ್ಲಿ ಕುಯ್ದು ನನ್ನನ್ನು ಮಾಡಿದವರು ಅರುಳಪ್ಪ ಎಂಬ ಹಿರಿಯ ಫಿಟ್ಟರ್. ಇಕ್ಕಟ್ಟಿನ ಮೂಲೆಗೂ ಹೋಗಲೆಂದು ನನ್ನ ಕತ್ತನ್ನು ಓರೆಯಾಗಿ ತೇಯ್ದರು. ಮುಖವನ್ನು ಮಾತ್ರ ಮೂರು ದಿನ ಉಜ್ಜಿದರು. ಡಾಲಿಯ ಮುಖ ಕನ್ನಡಿಯ ಹಾಗಿರಬೇಕು, ಅದರಲ್ಲೊಂದು ಗಾಯವಿದ್ದರೆ ರಿವೆಟ್ಟಿನ ಬಾಲ ಜಾರುತ್ತದೆ ಎನ್ನುವುದು ಅವರ ಪಾಠ. ಹದಿನಾಲ್ಕು ವರ್ಷ ಅವರ ಕೈಯಲ್ಲಿದ್ದೆ. ಒಂದು ದಿನವೂ ನನ್ನನ್ನು ನೆಲಕ್ಕೆ ಬಿಡಲಿಲ್ಲ.

ನಿವೃತ್ತಿಯ ದಿನ ಅವರು ಗೇಟಿನಲ್ಲಿ ಚೀಟಿ ಬರೆಸಿ ನನ್ನನ್ನು ಹೊರಗೆ ತಂದರು. ತಮ್ಮ ಕೈಕೆಳಗೆ ಪಳಗಿ, ಆಗ ಊರಿಗೆ ಹೊರಟು ನಿಂತಿದ್ದ ದಾವಲಸಾಬನ ಕೈಗೆ ಕೊಟ್ಟರು.

"ಇಟ್ಕೋ ಕಣೋ. ಎಲ್ಲಾದ್ರೂ ಬಳಸು, ಹೆಂಗಾದ್ರೂ ಬಳಸು. ಇದರ ಮುಖ ಮಾತ್ರ ಕೆಡಿಸ್ಬೇಡ."

"ಇಲ್ಲ ಗುರುಗಳೇ, ಕಣ್ಣಾಗ ಇಟ್ಕೋತೀನಿ" ಎಂದ ದಾವಲಸಾಬ.

ಆಮೇಲೆ ಹುಬ್ಬಳ್ಳಿಗೆ ಹೋಗಿ ಬಸ್ ಬಾಡಿ ಕಟ್ಟುವ ಯಾರ್ಡಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ನಾನು ಪಟ್ಟ ಪಾಡನ್ನು ಹೇಳಲು ನನಗೇ ನಾಚಿಕೆ. ರಿವೆಟ್ ಹೊಡೆಯುವುದು ಬೆಳಿಗ್ಗೆ ಎರಡು ತಾಸು. ಉಳಿದ ಹೊತ್ತು ನಾನು ಬಸ್ಸಿನ ಗಾಲಿಗೆ ಕೊಡುವ ಅಡ್ಡಗಲ್ಲು, ಗಾಳಿಗೆ ಹಾರುವ ರಸೀದಿಗಳ ಮೇಲಿನ ತೂಕ, ಊಟದ ಹೊತ್ತಿನಲ್ಲಿ ಉಳ್ಳಾಗಡ್ಡಿ ಜಜ್ಜುವ ಗುಂಡು. ಅಷ್ಟಕ್ಕೂ ಸುಮ್ಮನಿದ್ದೆ. ಆದರೆ ಹೊಸ ಬಸ್ಸು ಹೊರಗೆ ಹೋಗುವ ದಿನ ಪೂಜೆಯ ತೆಂಗಿನಕಾಯಿಯನ್ನು ನನ್ನ ಮುಖದಿಂದಲೇ ಒಡೆಯುತ್ತಿದ್ದರು. ಒಮ್ಮೆ ಯಾರೋ ಕಾಯಿ ತಪ್ಪಿಸಿ ಚಾಸಿಯ ಅಂಚಿಗೆ ಬಡಿದರು. ಮುಖದ ಒಂದು ಅಂಚು ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತು. ದಾವಲಸಾಬ ನೋಡಿದ, "ಇರ್ಲಿ ಬಿಡು" ಎಂದ. ಈ "ಇರ್ಲಿ ಬಿಡು" ಎನ್ನುವುದೇ ಆ ಯಾರ್ಡಿನ ಮೂಲಮಂತ್ರ. ಬಸ್ಸಿನ ಮಾಡು ಸೋರುತ್ತದೆಯೇ? ಹೊರಗಿನಿಂದ ಒಂದು ಲೇಪ ಬಳಿ, ಸಂದಿಗೆ ಪುಟ್ಟಿ ತುಂಬು, ಬಣ್ಣ ಹೊಡಿ. ಮಳೆಗಾಲ ಬರುವಷ್ಟರಲ್ಲಿ ಗಾಡಿ ಬೇರೆ ಊರಿನಲ್ಲಿರುತ್ತದೆ.

ದಾವಲಸಾಬ ಕೆಟ್ಟ ಕೆಲಸಗಾರನಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಕಟ್ಟಿದ ಒಂದು ಬಸ್ಸೂ ವಾಪಸ್ಸು ಬರಲಿಲ್ಲ. ಕಷ್ಟವಾದದ್ದು ಅದರಿಂದಲೇ. ತಪ್ಪಾಯಿತು ಎನ್ನುವ ಅಭ್ಯಾಸ ಆ ನಾಲಿಗೆಗೆ ಇರಲಿಲ್ಲ.

ಅವನಿಗೆ ಐವತ್ತು ದಾಟಿದಾಗ ಯಾರ್ಡು ಮುಚ್ಚಿತು. ಆಗ ಅವನನ್ನು ಹುಡುಕಿಕೊಂಡು ಬಂದವರು ಅನುಸೂಯಾಬಾಯಿ ಹೊಂಬಳ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು, ನಲವತ್ತನೇ ವಯಸ್ಸಿನಲ್ಲಿ ವಿಮಾನ ಹಾರಿಸಲು ಕಲಿತವರು. ಊರಾಚೆ ಮುಚ್ಚಿದ ಹತ್ತಿ ಜಿನ್ನಿಂಗ್ ಮಿಲ್ಲಿನ ಗೋದಾಮಿನಲ್ಲಿ ತಮ್ಮ ಕೈಯಾರೆ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಿದ್ದರು. ಗನ್ನು ಹಿಡಿಯಲು ಒಬ್ಬರು, ಡಾಲಿ ಹಿಡಿಯಲು ಒಬ್ಬರು ಬೇಕೇ ಬೇಕು.

"ಬಸ್ಸು ಕಟ್ಟೀನ್ರಿ, ಬಾಯಾರ. ಇದೂ ಅದ ಅಲ್ಲೇನ್ರಿ? ರೆಕ್ಕಿ ಜಾಸ್ತಿ" ಎಂದ ದಾವಲಸಾಬ.

"ಬಸ್ಸು ಕೆಟ್ರ ದಾರಿ ಬಾಜೂಕ ನಿಲ್ಲಸ್ತೀರಿ, ಮಿಸ್ತ್ರಿ. ಇದು ಕೆಟ್ರ ಎಲ್ಲಿ ನಿಲ್ಲಸ್ತೀರಿ?" ಎಂದರು ಬಾಯಿ.

ಮೊದಲ ದಿನವೇ ಜಗಳ. ರೆಕ್ಕೆಯ ಮೇಲೆ ರಿವೆಟ್ಟಿನ ತಲೆ ತಗಡಿಗೆ ಸಮನಾಗಿ ಕೂತಿರಬೇಕು. ಬಾಯಿ ಪ್ರತಿಯೊಂದರ ಮೇಲೂ ಉಗುರು ಎಳೆದು ನೋಡುತ್ತಿದ್ದರು. ಉಗುರು ತಡೆದರೆ ಆ ರಿವೆಟ್ ಕೊರೆದು ತೆಗೆದು ಹೊಸದು. ದಾವಲಸಾಬ ಪುಟ್ಟಿಯ ಡಬ್ಬಿ ತಂದಿಟ್ಟ. ಬಾಯಿ ಅದನ್ನು ಹೊರಗಿನ ಕಸದ ಡಬ್ಬಿಗೆ ಹಾಕಿ ಬಂದರು. ಅವನು ಇನ್ನೊಂದು ತಂದ. ಅದೂ ಹೋಯಿತು. ಮೂರನೆಯದನ್ನು ತರುವ ಮೊದಲು ಬುದ್ಧಿ ಬಂತು.

ಆಮೇಲೆ ಪೆಟ್ರೋಲ್ ಟ್ಯಾಂಕಿ. ಈ ವಿಮಾನದಲ್ಲಿ ಟ್ಯಾಂಕಿ ಬೇರೆ ಡಬ್ಬಿಯಲ್ಲ, ಸ್ಕ್ರೂ ಹಾಕಿ ಕೂಡಿಸುವ ರೆಕ್ಕೆಯ ಮುಂಭಾಗವೇ ಟ್ಯಾಂಕಿ. ನೂರಾರು ರಿವೆಟ್ಟುಗಳಲ್ಲಿ ಯಾವೊಂದರ ಸುತ್ತಲಿನಿಂದಲೂ ಪೆಟ್ರೋಲ್ ಜಿನುಗಬಾರದು. ಅದಕ್ಕೆ ಸಂದಿ ಮುಚ್ಚುವ ಸೀಲೆಂಟು ಎಂಬ ಅಂಟು. ಹತ್ತು ಪಾಲು ಬಿಳಿ ಪೇಸ್ಟಿಗೆ ಒಂದು ಪಾಲು ಕರಿ ಪೇಸ್ಟು, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ, ಬಿಳಿ ಗೆರೆ ಕಾಣದ ಹಾಗೆ ಕಲಸಬೇಕು. ಕೊಳೆತ ಮೊಟ್ಟೆಯ ವಾಸನೆ. ಕೈಗೆ ಹತ್ತಿದರೆ ವಾರ ಬಿಡುವುದಿಲ್ಲ, ಬಟ್ಟೆಗೆ ಹತ್ತಿದರೆ ಬಟ್ಟೆಯನ್ನೇ ಬಿಡಬೇಕು. ದಾವಲಸಾಬ ಅದಕ್ಕೆ "ಮಸಾಲಿ" ಎಂದು ಹೆಸರಿಟ್ಟ. ಬಾಯಿ ಅದನ್ನು ಮೆಹೆಂದಿ ಕೋನಿನಲ್ಲಿ ತುಂಬಿ ತಗಡಿನ ಸಂದಿಗೆಲ್ಲ ಗೆರೆ ಎಳೆಯುತ್ತಿದ್ದರು. ರಿವೆಟ್ಟನ್ನು ಅದರಲ್ಲಿ ಅದ್ದಿ ಕೂಡಿಸಿ, ಹೊಡೆದು, ಒಳಗಿನ ಬಾಲದ ಮೇಲೆ ಮತ್ತೊಂದು ಬೊಟ್ಟು ಇಡಬೇಕು.

ಕಲಸಿದ ಮೇಲೆ ಎರಡು ತಾಸು ಮೆತ್ತಗಿರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಬರೆದವನು ಹುಬ್ಬಳ್ಳಿಯ ಏಪ್ರಿಲ್ ನೋಡಿರಲಿಲ್ಲ. ಒಂದು ತಾಸಿಗೇ ಗಟ್ಟಿಯಾಗತೊಡಗುತ್ತಿತ್ತು. ಟ್ಯಾಂಕಿ ಮುಚ್ಚುವ ದಿನ ಉಳಿದದ್ದು ಮೂಲೆಯ ಕೊನೆಯ ಸಾಲು. ಬಾಯಿ ಹೊರಗಡೆ ಗನ್ನು ಹಿಡಿದಿದ್ದರು. ದಾವಲಸಾಬ ಮೊಳಕೈವರೆಗೂ ಟ್ಯಾಂಕಿಯೊಳಗೆ ಕೈ ತೂರಿಸಿ ನನ್ನನ್ನು ಒತ್ತಿದ್ದ. ನನ್ನ ಮೈಯೆಲ್ಲ ಮಸಾಲಿ. ಜೊತೆಗೆ ತೆಂಗಿನಕಾಯಿ ಪೂಜೆಯ ಆ ಚಕ್ಕೆ. ಗನ್ನು ಬಡಿಯಿತು, ನಾನು ಜಾರಿದೆ. ರಿವೆಟ್ಟಿನ ಬಾಲ ಗುಂಡಿಯಾಗದೆ ಒಂದು ಕಡೆಗೆ ಮಲಗಿತು.

"ಕೂತ್ತೇನ್ರಿ?" ಹೊರಗಿನಿಂದ ಬಾಯಿ ಕೇಳಿದರು.

ದಾವಲಸಾಬ ಟಾರ್ಚು ಹಾಯಿಸಿ ನೋಡಿದ. ಕೊರೆದು ತೆಗೆಯಬೇಕೆಂದು ಅವನಿಗೆ ಗೊತ್ತಿತ್ತು. ಮಸಾಲಿ ಗಟ್ಟಿಯಾಗುತ್ತಿದೆ ಎಂಬುದೂ ಗೊತ್ತಿತ್ತು.

"ಕೂತ್ತ್ರಿ" ಎಂದ. ಆಮೇಲೆ ಮಲಗಿದ ಬಾಲದ ಮೇಲೆ ಒಂದು ದೊಡ್ಡ ಬೊಟ್ಟು ಇಟ್ಟ. "ಮಸಾಲಿ ಬುಡಕ ಯಾರಿಗೆ ಕಾಣ್ತದ" ಎಂದು ನನಗಷ್ಟೇ ಕೇಳುವ ಹಾಗೆ ಅಂದ.

ಇಬ್ಬರೂ ಸೇರಿ ಸಂಜೆಯೊಳಗೆ ಹಿಂಬದಿಯ ತಗಡು ಮುಚ್ಚಿದರು. ಇನ್ನು ಒಳಗೆ ಕೈ ಹೋಗುವುದಿಲ್ಲ.

ವಾರದ ಮೇಲೆ ಪರೀಕ್ಷೆ. ಟ್ಯಾಂಕಿಯ ಗಾಳಿಕೊಳವೆಗೆ ಬಲೂನು ಕಟ್ಟಿ, ಒಳಗೆ ಗಾಳಿ ತುಂಬಿ ಬಿಡುತ್ತಾರೆ. ಬಲೂನು ಸೊರಗದಿದ್ದರೆ ಟ್ಯಾಂಕಿ ಗಟ್ಟಿ. ಬಾಯಿ ಅವತ್ತು ಗದಗಕ್ಕೆ ಮದುವೆಗೆ ಹೋಗಿದ್ದರು. ದಾವಲಸಾಬನೊಬ್ಬನೇ ಬಲೂನು ಕಟ್ಟಿ, ಎದುರಿಗೆ ಸ್ಟೂಲು ಹಾಕಿ ಕೂತ. ಮಧ್ಯಾಹ್ನದ ಹೊತ್ತಿಗೆ ಅದು ನಿಂಬೆಹಣ್ಣಿನಷ್ಟಾಗಿತ್ತು. ಸಾಬೂನು ನೀರು ಬಳಿದು ನೋಡಿದ. ಮೂಲೆಯ ರಿವೆಟ್ಟಿನ ತಲೆಯ ಸುತ್ತ ಸಣ್ಣ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

ಆ ಗುಳ್ಳೆಯನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಒಂದು ಚಮಚ ಮಸಾಲಿ ಕಲಸಿ, ರಿವೆಟ್ಟಿನ ತಲೆಯ ಸುತ್ತ ಹೊರಗಿನಿಂದ ತಿಕ್ಕಿ, ಬ್ಲೇಡಿನಿಂದ ಸಮ ಮಾಡಿ, ಮೇಲೆ ಪ್ರೈಮರ್ ಬಣ್ಣ ಹೊಡೆದು, ಬಲೂನಿಗೆ ಮತ್ತೆ ಗಾಳಿ ತುಂಬಿದ. ನಾನು ಅವನ ಕಾಲ ಬಳಿಯೇ ಇದ್ದೆ. ನನಗೆ ಮಾತು ಬರುತ್ತಿದ್ದರೆ ಎಂದು ಆ ದಿನ ಅನಿಸಿದಷ್ಟು ಎಂದೂ ಅನಿಸಿಲ್ಲ. ಹೊರಗಿನ ಲೇಪ ಗಾಳಿಯನ್ನು ತಡೆದೀತು. ಒಳಗಿನಿಂದ ಪೆಟ್ರೋಲ್ ಒತ್ತಿ, ಮೇಲೆ ಇಂಜಿನ್ ನಡುಗಿಸಿದರೆ ಎಷ್ಟು ದಿನ ತಡೆದೀತು? ಮಾರನೆಯ ದಿನ ಬಾಯಿ ಬಂದು ನೋಡಿದಾಗ ಬಲೂನು ಹಬ್ಬದ ಹುಡುಗಿಯಂತೆ ಉಬ್ಬಿ ನಿಂತಿತ್ತು.

"ಭೇಷ್, ಮಿಸ್ತ್ರಿ!" ಎಂದರು.

ಅವನು ಚಹಾ ಮಾಡುವ ನೆಪದಲ್ಲಿ ಎದ್ದು ಹೋದ. ಅವತ್ತು ಅವರ ಗೋದಾಮಿಗೆ ಹಾಲೇ ಬಂದಿರಲಿಲ್ಲ.

ವರ್ಷ ಕಳೆಯಿತು. ರೆಕ್ಕೆ ಕೂಡಿತು, ಇಂಜಿನ್ ಕೂತಿತು, ಬಣ್ಣ ಆಯಿತು, ಕಾಗದಪತ್ರ ಬಂದವು. ಪೆಟ್ರೋಲ್ ತುಂಬುವುದೊಂದು ಉಳಿದಿತ್ತು. ಆ ಹೊತ್ತಿನಲ್ಲಿ ಬಾಯಿ ಹೇಳಿದರು: "ಮಿಸ್ತ್ರಿ, ನಿಮ್ಮ ಯಾರ್ಡಿನಾಗ ಒಂದು ಪದ್ಧತಿ ಇತ್ತಂತಲ್ಲ, ಹೊಸ ಬಸ್ಸಿನ ಮೊದಲ ಸುತ್ತಿನಾಗ ಕಟ್ಟಿದ ಮಿಸ್ತ್ರಿನೇ ಮುಂದಿನ ಸೀಟಿನಾಗ ಕೂಡಬೇಕು ಅಂತ?"

"ಹೌದ್ರಿ. ಕಟ್ಟಿದಾಂವ ಕೂಡಲಿಲ್ಲಂದ್ರ ಗಾಡಿ ಮುನಿಸ್ಕೋತದ ಅಂತಿದ್ರು."

"ಹಂಗಾದ್ರ ಕೇಳ್ರಿ. ಮೊದಲ ಒಂದಿಷ್ಟು ಹಾರಾಟ ನಾ ಒಬ್ಬಾಕಿನ ಮಾಡಬೇಕು, ಅದು ನಿಯಮ. ಅದಾದ ಮ್ಯಾಲೆ ಬಾಜೂ ಸೀಟು ನಿಮ್ದು. ಹೊಸಾ ಅಂಗಿ ಹೊಲಿಸ್ರಿ."

ದಾವಲಸಾಬ ನಗಲಿಲ್ಲ. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಬಂದು ರೆಕ್ಕೆಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಬಾಯಿ ಒಳಗೆ ಬಂದ ಕೂಡಲೇ ಎದ್ದ.

"ಬಾಯಾರ, ಟ್ಯಾಂಕಿ ಬಿಚ್ಚೋಣ್ರಿ."

"ಯಾಕ?"

"ಮೂಲಿ ರಿವೆಟ್ ಒಂದು ಮಲಗೇತ್ರಿ. ನಾನ ಮುಚ್ಚೀನಿ. ಬಲೂನಿನ ದಿನ ಗುಳ್ಳಿ ಬಂತು, ಅದನ್ನೂ ಹೊರಗಿಂದ ಮುಚ್ಚೀನಿ."

ಬಾಯಿ ಆ ಮೂಲೆಯ ಮೇಲೆ ಉಗುರು ಎಳೆದು ನೋಡಿದರು. ಆಮೇಲೆ ಕೇಳಿದರು: "ನಿಮ್ಮ ಸೀಟು ಗೊತ್ತಾದ ಮ್ಯಾಲೆ ನೆನಪಾತೇನು? ನಾ ಒಬ್ಬಾಕಿ ಹಾರೂಮುಂದ ಸೋರಿದ್ರ ನಡೀತಿತ್ತೇನು?"

ಅವನು ತಲೆ ಎತ್ತಲಿಲ್ಲ. "ನಡೀತಿರಲಿಲ್ರಿ. ಆದ್ರ ಹೇಳಾಕ ನಾಲಿಗಿ ಹೊರಳ್ತಿರಲಿಲ್ಲ. ನಿನ್ನಿ ರಾತ್ರಿ ಆ ಸೀಟಿನಾಗ ನಾ ಕುಂತಂಗ ಆತು. ಆಗ ಬಾಜೂಕ ನೀವು ಕುಂತಿದ್ದು ಕಾಣಿಸ್ತ್ರಿ."

"ಶ್ಯಾಣ್ಯಾ ಇದ್ದೀರಿ. ಒಂದು ವರ್ಷ ತಡ ಅಷ್ಟ." ಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಬರ್ರಿ. ಸ್ಕ್ರೂ ಬಿಚ್ಚೂದು ನಿಮ್ಮ ಕೆಲಸ. ಬೈಯೂದು ನನ್ನ ಕೆಲಸ."

ಬೈಗುಳ ಎರಡು ವಾರ ನಡೆಯಿತು. ಟ್ಯಾಂಕಿಯನ್ನು ರೆಕ್ಕೆಯಿಂದ ಇಳಿಸಿ, ಅಷ್ಟು ಚೆಂದದ ಹಿಂಬದಿ ತಗಡಿನಲ್ಲಿ ತಟ್ಟೆಯಷ್ಟು ದೊಡ್ಡ ತೂತು ಕೊರೆದರು. ಗಟ್ಟಿಯಾದ ಮಸಾಲಿಯನ್ನು ದಾವಲಸಾಬ ಬಿದಿರಿನ ಚಕ್ಕೆಯಿಂದ ಮೂರು ದಿನ ಕೆರೆದ. ಬಾಯಿ ಹೊಸ ಡಾಲಿಯೊಂದನ್ನು ತರಿಸಿದ್ದರು, ಪುಟ್ಟದು, ಭಾರ, ಮಹಾ ಜಂಬದ್ದು. ಆ ಮೂಲೆಗೆ ಅದರ ಕತ್ತು ಹೋಗಲೇ ಇಲ್ಲ. ಆಗ ನನ್ನ ನೆನಪಾಯಿತು. ಬಾಯಿ ನನ್ನನ್ನು ಬೆಳಕಿಗೆ ಹಿಡಿದು ನೋಡಿ, "ಏನ್ರಿ ಇದರ ಮಾರಿ! ಇದರಾಗೇನು ಕಾಯಿ ಒಡೀತಿದ್ರೇನು?" ಎಂದರು. ಇಡೀ ಮಧ್ಯಾಹ್ನ ದಾವಲಸಾಬನೇ ಕೂತು, ಮೊದಲು ಅರದಿಂದ, ಆಮೇಲೆ ಎಣ್ಣೆಗಲ್ಲಿನಿಂದ ನನ್ನ ಮುಖ ತಿಕ್ಕಿದ, ಚಕ್ಕೆ ಹೋಗುವವರೆಗೂ.

ಕೆಟ್ಟ ರಿವೆಟ್ ಕೊರೆದು ತೆಗೆದು ಒಂದು ಅಳತೆ ದಪ್ಪನೆಯದನ್ನು ಕೂಡಿಸಿದರು. ಈ ಸಲ ನಾನು ಅಲ್ಲಾಡಲಿಲ್ಲ.

"ಕೂತ್ತೇನ್ರಿ?"

"ನೀವ ಬಂದು ನೋಡ್ರಿ" ಎಂದ ದಾವಲಸಾಬ. ಬಾಯಿ ಬಂದರು, ಟಾರ್ಚು ಹಾಯಿಸಿದರು, ಅಳತೆಪಟ್ಟಿ ಇಟ್ಟರು, ಆಮೇಲೆ ತಾವೇ ಕೋನಿನಿಂದ ಬೊಟ್ಟು ಇಟ್ಟರು. ತೂತಿನ ಮೇಲೆ ಮುಚ್ಚಳದ ತಗಡು ಕೂತಿತು. ಬಲೂನು ಮೂರು ಹಗಲು ಮೂರು ರಾತ್ರಿ ನಿಂತಿತು. ಮಧ್ಯಾಹ್ನದ ಬಿಸಿಲಿಗೆ ಉಬ್ಬಿ ಬೆಳಗಿನ ತಂಪಿಗೆ ಕುಗ್ಗಿದಾಗಲೆಲ್ಲ ಇಬ್ಬರ ಜೀವವೂ ಅದರ ಜೊತೆಗೇ ಉಬ್ಬಿ ಕುಗ್ಗಿತು.

ಬಾಯಿ ಒಬ್ಬರೇ ಹಾರಿದರು, ಎಷ್ಟೋ ಸಲ. ಕೊನೆಗೆ ದಾವಲಸಾಬನ ಪಾಳಿ. ಹೊಸ ಅಂಗಿ ಹಾಕಿಕೊಂಡು ಬಂದ. ಕಿಸೆಯಲ್ಲಿ ನಾನಿದ್ದೆ. ಸೀಟಿಗೆ ಹತ್ತುವಾಗ ಬಾಯಿ ಕಿಸೆ ಮುಟ್ಟಿ ನೋಡಿದರು. "ಉಕ್ಕಿನ ತುಂಡು ಯಾಕ್ರಿ ಮ್ಯಾಲೆ? ಕೆಳಗ ಇಡ್ರಿ." ಈ ವಿಮಾನದ ಹತ್ತು ಹನ್ನೆರಡು ಸಾವಿರ ರಿವೆಟ್ಟುಗಳ ಬೆನ್ನಿಗೆ ನಿಂತವನು ನಾನು. ನನ್ನನ್ನು ಓಡುದಾರಿಯ ಪಕ್ಕದ ಕಲ್ಲಿನ ಮೇಲಿಟ್ಟು ಇಬ್ಬರೂ ಹಾರಿಹೋದರು. ನ್ಯಾಯವೇ ಇದು?

ಇಪ್ಪತ್ತು ನಿಮಿಷಕ್ಕೆ ಇಳಿದರು. ದಾವಲಸಾಬ ಇಳಿದವನೇ ಸೀದಾ ರೆಕ್ಕೆಯ ಬುಡಕ್ಕೆ ನುಗ್ಗಿದ. ಮೂಲೆಯ ಮೇಲೆ ಅಂಗೈ ಆಡಿಸಿದ, ಮೂಗಿಗೆ ಹಿಡಿದ.

"ಆಕಾಶ ಹ್ಯಾಂಗಿತ್ರಿ, ಮಿಸ್ತ್ರಿ?"

"ಒಣ ಐತ್ರಿ, ಬಾಯಾರ."

ಬಾಯಿ ರೆಕ್ಕೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

ನನಗೀಗ ಕೆಲಸವಿಲ್ಲ. ಗೋದಾಮಿನ ಕಿಟಕಿಯಲ್ಲಿ, ಒಣಗಿದ ಸೀಲೆಂಟಿನ ಡಬ್ಬಿಗಳ ಪಕ್ಕ ಕೂತಿದ್ದೇನೆ. ಇಷ್ಟು ವರ್ಷ ಪೆಟ್ಟು ತಿಂದು ನಾನು ಕಲಿತದ್ದು ಒಂದೇ: ಗಟ್ಟಿ ಕೆಲಸಕ್ಕೆ ಗುರುತೇ ಇರುವುದಿಲ್ಲ. ಒದ್ದೆಯಿಲ್ಲ, ವಾಸನೆಯಿಲ್ಲ, ಯಾರೂ ಬಂದು ಕೇಳುವುದಿಲ್ಲ. ವಿಮಾನ ಇಳಿದಾಗಲೆಲ್ಲ ದಾವಲಸಾಬ ಈಗಲೂ ಅದರ ರೆಕ್ಕೆಯ ಕೆಳಗೆ ಬಗ್ಗಿ ಕೈ ಆಡಿಸುತ್ತಾನೆ. ಆಮೇಲೆ ಆ ಒಣ ಕೈಯನ್ನು, ಹಳೆಯ ಗುಳ್ಳೆ ಇನ್ನೂ ಹತ್ತಿಕೊಂಡಿದೆಯೇನೋ ಎಂಬಂತೆ, ಅಂಗಿಗೆ ಒರೆಸಿಕೊಳ್ಳುತ್ತಾನೆ. ಒಣಗಿದ್ದನ್ನು ಯಾಕೆ ಒರೆಸುತ್ತಾನೆಂದು ಬಾಯಿ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ.